ಇನ್ನೊಬ್ಬರ ಎದೆ ಹೊತ್ತು 523 ದಿನ

ಭಾಳ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಕೆಲಸದ ಗದ್ದಲ ಅಂತ ನೆಪ ಹೇಳಬಹುದು. ಆದರೆ ನಿಜ ಹೇಳಬೇಕಂದ್ರೆ, ಒಂದು ವಿಷಯ ಬರೆಯಬೇಕು ಅಂತ ಕೂರೋದು, ಬರೆಯಲಾರದೆ ಎದ್ದು ಹೋಗೋದು, ಹೀಗೇ ನಡೆದಿತ್ತು. ಇವತ್ತು ಬರೆದೇ ಬಿಡ್ತೀನಿ. ಸ್ವಲ್ಪ ಉದ್ದ ಆದೀತು. ಚಹಾ ಇಟ್ಟುಕೊಂಡು ಓದಿ.

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ 'ಸಾಲಿಮಠ' ಅನ್ನೋ ಅಡ್ಡಹೆಸರು ನೀವು ಕೇಳಿರಬಹುದು. ಸಾಲಿ ಅಂದ್ರೆ ಶಾಲೆ. ಸರಕಾರಿ ಶಾಲೆಗಳು ಬರೋಕೆ ಮುಂಚೆ ಊರಿನ ಮಠದ ಐನೋರೇ ಮಕ್ಕಳಿಗೆ ಅಕ್ಷರ ಕಲಿಸೋರು. ಬೆಳಿಗ್ಗೆ ಪೂಜೆ, ಆಮೇಲೆ ಉಸುಕಿನ ಮೇಲೆ ಬೆರಳು ಹಿಡಿದು 'ಅ ಆ' ತಿದ್ದಿಸೋದು. ಪೂಜೆ ಮಾಡೋ ಕೈಯೇ ಕಲಿಸೋ ಕೈ. ಹಾಗಾಗಿ ನಮ್ಮ ಕಡೆಯವರಿಗೆ ಗುರು ಅಂದರೆ ಪೂಜಾರಿಯೂ ಹೌದು, ಮಾಸ್ತರರೂ ಹೌದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣಿಲ್ಲದವರಾಗಿದ್ದು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾದಾಗ ಗದಗಿನಲ್ಲಿ ಸೇರಿದ ಜನ ನೋಡಿದವರಿಗೆ ಗೊತ್ತು, ಇಂಥ ಗುರುಗಳ ಮೇಲೆ ನಮ್ಮ ಮಂದಿಗೆ ಎಂಥ ಜೀವ ಅಂತ. ತೋಂಟದ ಸಿದ್ಧಲಿಂಗ ಸ್ವಾಮಿಗಳು 2018ರ ಅಕ್ಟೋಬರ್‌ನಲ್ಲಿ ಹೃದಯಾಘಾತದಿಂದ ಹೋದಾಗಲೂ ಹಾಗೇ. ಅವತ್ತು ಇಡೀ ಜಿಲ್ಲೆಗೆ ಮನೆಯ ಹಿರಿಯರು ಹೋದಂಗಾಗಿತ್ತು.

ನಾನು ಇವತ್ತು ಹೇಳಹೊರಟಿರೋದು ಇಂಥದೇ ಒಬ್ಬ ಗುರುವಿನ ಕತೆ. ಆದರೆ ಅವರು ನಮ್ಮ ಕಡೆಯವರಲ್ಲ, ಪ್ಯಾರಿಸ್‌ನ ಪಾದ್ರಿ. ಹೆಸರು ದಾಮಿಯೆನ್ ಬುಲೋನ್. ಅವರ ಎದೆಯೊಳಗೆ ಬಡಿಯುತ್ತಿದ್ದದ್ದು ಇನ್ನೊಬ್ಬರ ಹೃದಯ.

ರೋಣದ ಕಡೆಯವನಿಗೆ ಪ್ಯಾರಿಸ್ ಪಾದ್ರಿಯ ಉಸಾಬರಿ ಯಾಕೆ ಅಂತೀರಾ? ಅದಕ್ಕೂ ಕಾರಣ ಇದೆ.

2019ರ ಮಳೆಗಾಲ. ನಮ್ಮ ಕಾಕಾನ ಮಗ, ಇಪ್ಪತ್ತಾರು ವರ್ಷದ ಹುಡುಗ, ಬೈಕ್ ಮೇಲಿಂದ ಬಿದ್ದ. ತಲೆಗೆ ಪೆಟ್ಟು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಒಯ್ದೆವು. ಮೂರನೇ ದಿನ ಡಾಕ್ಟರು ನಮ್ಮನ್ನು ಒಳಗೆ ಕರೆದು ಕೂರಿಸಿ, ಭಾಳ ಸಮಾಧಾನದಿಂದ ಹೇಳಿದರು, ಮೆದುಳು ಸತ್ತಿದೆ, ಯಂತ್ರದ ಉಸಿರಿನಿಂದ ಹೃದಯ ಮಾತ್ರ ನಡೆದಿದೆ, ನೀವು ಒಪ್ಪಿದರೆ ಅವನ ಅಂಗಗಳಿಂದ ಬೇರೆಯವರು ಬದುಕುತ್ತಾರೆ ಅಂತ. ಕಾಕಾ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಎದಿ ತಗದ ಮ್ಯಾಲೆ ಅವನ್ನ ಹ್ಯಾಂಗಪಾ ಕುಂದ್ರಿಸಿ ಮಣ್ಣ ಕೊಡೂದು? ಕೊಳ್ಳಾಗಿನ ಲಿಂಗ ಇರೂದ ಎದಿ ಮ್ಯಾಲೆ. ನೀ ಕಲತಾಂವ ಅದಿ, ನೀನ ಹೇಳು."

ನಮ್ಮಲ್ಲಿ ಸುಡೋ ಪದ್ಧತಿ ಇಲ್ಲ ಅಂತ ನಿಮಗೆ ಗೊತ್ತು. ಕೂರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಸಮಾಧಿ ಮಾಡೋದು. ಕಾಕಾನ ಪ್ರಶ್ನೆ ಅಡ್ಡ ಪ್ರಶ್ನೆ ಆಗಿರಲಿಲ್ಲ. ಅವನಿಗೆ ನಿಜವಾಗಿ ಉತ್ತರ ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ. "ಬ್ಯಾಡ ಬಿಡು ಕಾಕಾ" ಅಂದೆ. ಡಾಕ್ಟರಿಗೆ "ಬ್ಯಾಡ್ರಿ ಸರ" ಅಂದೆ. ಅವರು ಮರುಮಾತಾಡಲಿಲ್ಲ. ಆವತ್ತು ಸಂಜೆ ಹೃದಯ ತಾನೇ ನಿಂತಿತು.

ಆಮೇಲೆ ಶುರುವಾದದ್ದು ನನ್ನ ಓದು. ತಡವಾಗಿ ಓದೋದು ನಮ್ಮಂಥ ಕಲಿತವರ ಚಾಳಿ!

1967ರ ಡಿಸೆಂಬರ್ 3ರಿಂದ ಶುರು ಮಾಡಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಗ್ರೂಟ್ ಷೂರ್ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಸಲ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಕಸಿ ಮಾಡಿದರು. ಪಡೆದವರು ಲೂಯಿ ವಾಶ್ಕಾನ್ಸ್ಕಿ, ಬದುಕಿದ್ದು 18 ದಿನ. ಈ ಭಾಗ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಭಾಗ. ಹೃದಯ ಕೊಟ್ಟ ಡೆನೀಸ್ ಡಾರ್ವಾಲ್ ಇಪ್ಪತ್ತೈದು ವರ್ಷದ ಹುಡುಗಿ. ರಸ್ತೆ ದಾಟುವಾಗ ಕಾರು ಹೊಡೆದು ಅವಳ ತಾಯಿ ಅಲ್ಲೇ ತೀರಿಕೊಂಡರು, ಅವಳ ಮೆದುಳು ಸತ್ತಿತ್ತು. ಒಂದೇ ದಿನ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ತಂದೆ ಎಡ್ವರ್ಡ್ ಡಾರ್ವಾಲ್ ಮುಂದೆ ಡಾಕ್ಟರುಗಳು ಈ ಪ್ರಶ್ನೆ ಇಟ್ಟರು. ಆಗ ಅವರಿಗೆ ನೆನಪಾದದ್ದು ಮಗಳು ತಂದುಕೊಟ್ಟಿದ್ದ ಹುಟ್ಟುಹಬ್ಬದ ಕೇಕಂತೆ. ನಾಲ್ಕು ನಿಮಿಷ ಯೋಚಿಸಿ ಹೂಂ ಅಂದರಂತೆ. ನಾಲ್ಕು ನಿಮಿಷ. ನಾನು ಕಾಕಾನ ಎದುರು ಅಷ್ಟು ಹೊತ್ತೂ ತಗೊಳ್ಳಲಿಲ್ಲ.

ಒಂದೇ ತಿಂಗಳಲ್ಲಿ, 1968ರ ಜನವರಿ 2ಕ್ಕೆ, ಬರ್ನಾರ್ಡ್ ಎರಡನೇ ಕಸಿ ಮಾಡಿದರು. ಪಡೆದವರು ಫಿಲಿಪ್ ಬ್ಲೈಬರ್ಗ್ ಅನ್ನೋ ಬಿಳಿಯ ದಂತವೈದ್ಯ. ಕೊಟ್ಟವರು ಬಿಳಿಯರಲ್ಲ, ವರ್ಣಭೇದದ ಕಾನೂನು ಬೇರೆ ಮಾಡಿಟ್ಟ ಮಿಶ್ರವರ್ಣದ ಸಮುದಾಯದ ಯುವಕ. ಒಂದೇ ಬೆಂಚಿನ ಮೇಲೆ ಕೂರಲಿಕ್ಕೆ ಬಿಡದ ದೇಶದಲ್ಲಿ ಒಂದೇ ಎದೆಗೂಡಿನಲ್ಲಿ ಇಬ್ಬರೂ ಕೂಡಿದರು! ಬ್ಲೈಬರ್ಗ್ 19 ತಿಂಗಳಿಗೂ ಹೆಚ್ಚು ಬದುಕಿದರು. ನಮ್ಮ ಕಡೆ ಮದುವೆಗೆ, ಊಟದ ಪಂಕ್ತಿಗೆ, ಎಲ್ಲಕ್ಕೂ 'ಯಾವ ಪೈಕಿ' ಅಂತ ಕೇಳ್ತಾರಲ್ಲ, ರಕ್ತದ ಗುಂಪು ಹೊಂದಿದರೆ ಹೃದಯ ಅದನ್ನು ಕೇಳೋದಿಲ್ಲ.

ಅದೇ ಫೆಬ್ರುವರಿಯಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದರು. ಹೌದು, ಬರ್ನಾರ್ಡ್ ಆದ ಮೂರೇ ತಿಂಗಳೊಳಗೆ! ರೋಗಿ ಬದುಕಿದ್ದು ಮೂರು ತಾಸು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪ್ರಯತ್ನ ಮಾಡಿದರು, ಅದೂ ಒಂದು ದಿನ ದಾಟಲಿಲ್ಲ. ಮೆದುಳು ಸತ್ತರೆ ಮನುಷ್ಯ ಸತ್ತ ಹಾಗೆ ಅಂತ ಹೇಳೋ ಕಾನೂನು ಆಗ ನಮ್ಮಲ್ಲಿ ಇರಲಿಲ್ಲ.

ಫ್ರಾನ್ಸ್‌ನಲ್ಲಿ ಆ ಮಾತನ್ನು ಸರಕಾರ ಒಪ್ಪಿದ್ದು 1968ರ ಏಪ್ರಿಲ್‌ನಲ್ಲಿ, ಒಂದು ಸುತ್ತೋಲೆಯ ಮೂಲಕ. ಕೆಲವೇ ದಿನಕ್ಕೆ, ಏಪ್ರಿಲ್ 27ರಂದು, ಕ್ರಿಶ್ಚಿಯನ್ ಕಾಬ್ರೊಲ್ ಅಲ್ಲಿನ ಮೊದಲ ಕಸಿ ಮಾಡಿದರು. ರೋಗಿ ಎರಡು ದಿನ ಬದುಕಿದ. ಇದೆಲ್ಲ ಕೇಳಿದ ಮೇಲೂ ಎರಡೇ ವಾರಕ್ಕೆ ಇನ್ನೊಬ್ಬರು ಆ ಮೇಜಿನ ಮೇಲೆ ಮಲಗಲು ಒಪ್ಪಿದರು ಅಂದರೆ ಎಂಥ ಎದೆಗಾರಿಕೆ ಇರಬೇಕು! ಅವರೇ ನಮ್ಮ ಫಾದರ್ ಬುಲೋನ್. 57 ವರ್ಷ. ಅವರ ಹೃದಯ ಪೂರಾ ಸೋತುಹೋಗಿತ್ತು. ಮೇ 12ರಂದು ಬ್ರೂಸೆ ಆಸ್ಪತ್ರೆಯಲ್ಲಿ ಶಾರ್ಲ್ ದ್ಯುಬೋ ಅವರಿಗೆ ಕಸಿ ಮಾಡಿದರು.

ಆ ತಾರೀಖು ಇನ್ನೊಂದು ಸಲ ನೋಡಿ. 1968ರ ಮೇ ತಿಂಗಳ ಪ್ಯಾರಿಸ್. ಮೇ 10ರ ರಾತ್ರಿ ವಿದ್ಯಾರ್ಥಿಗಳು ಬೀದಿಯ ಕಲ್ಲು ಕಿತ್ತು ಅಡ್ಡಗಟ್ಟೆ ಕಟ್ಟಿ ಬೆಳಗಿನವರೆಗೆ ಪೊಲೀಸರ ಜೊತೆ ಹೊಡೆದಾಡಿದ್ದರು. 13ಕ್ಕೆ ದೇಶಕ್ಕೆ ದೇಶವೇ ಮುಷ್ಕರ. ಹಳೆಯದನ್ನೆಲ್ಲ ಕಿತ್ತು ಹೊಸದು ಕಟ್ತೀವಿ ಅಂತ ಹುಡುಗರು ಬೀದಿಯಲ್ಲಿದ್ದಾಗ, ಎರಡರ ನಡುವಿನ ದಿನ ಒಬ್ಬ ಮುದಿ ಪಾದ್ರಿಯ ಎದೆಯೊಳಗೆ ನಿಜವಾಗಿಯೇ ಹಳೆಯದು ತೆಗೆದು ಹೊಸದನ್ನು ಹೊಲಿದರು.

ಬುಲೋನ್ ಡೊಮಿನಿಕನ್ ಪಂಥದವರು. 1216ರಲ್ಲಿ ಮನ್ನಣೆ ಪಡೆದ ಈ ಪಂಥದ ಕಸುಬೇ ಉಪದೇಶ ಮತ್ತು ಕಲಿಸೋದು, ಒಂದು ರೀತಿ ಅವರದೂ 'ಸಾಲಿಮಠ'. ಹದಿಮೂರನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲೇ ಪಾಠ ಹೇಳುತ್ತಿದ್ದ ಥಾಮಸ್ ಅಕ್ವಿನಾಸ್ ಈ ಪಂಥದ ದೊಡ್ಡ ಗುರು. ಆತ ಕೊನೆಗಾಲದಲ್ಲಿ ಹೃದಯದ ಚಲನೆಯ ಮೇಲೇ ಒಂದು ಪುಟ್ಟ ಬರಹ ಬರೆದಿದ್ದಾನೆ. ಪ್ರಾಣಿಯ ಎಲ್ಲಾ ಚಲನೆಗೂ ಹೃದಯವೇ ಮೊದಲು ಅನ್ನೋದು ಅರಿಸ್ಟಾಟಲನ ಕಾಲದಿಂದ ಬಂದ ಮಾತು, ಅಕ್ವಿನಾಸನೂ ಅದನ್ನು ಒಪ್ಪುತ್ತಾನೆ. ಆದರೆ ಅವನದೇ ಇನ್ನೊಂದು ಮಾತಿದೆ. ಆತ್ಮ ದೇಹದ ಒಂದು ಮೂಲೆಯಲ್ಲಿ ಕೂತಿಲ್ಲ, ದೇಹದ ಪ್ರತಿ ಭಾಗದಲ್ಲೂ ಇಡಿಯಾಗಿ ಇದೆ ಅಂತ. ಅಂದರೆ ಹೃದಯ ಬದಲಾದರೆ ಆತ್ಮ ಬದಲಾಗಲ್ಲ. ಏಳು ನೂರು ವರ್ಷ ಪಾಠಶಾಲೆಯಲ್ಲಿ ವಾದವಾಗಿದ್ದ ಈ ಮಾತಿನ ಮೇಲೆ ಅದೇ ಪಂಥದ ಒಬ್ಬ ಸನ್ಯಾಸಿ ತನ್ನ ಮೈಯನ್ನೇ ಇಟ್ಟಿದ್ದರು.

ಪೋಪರ ಕಡೆಯಿಂದಲೂ ದಾರಿ ಸ್ವಲ್ಪ ತೆರೆದಿತ್ತು. 12ನೇ ಪಯಸ್ 1956ರಲ್ಲೇ ಸತ್ತವರ ಕಣ್ಣಿನ ಪಾಪೆ ಕೊಡೋದು ಪಾಪ ಅಲ್ಲ ಅಂದಿದ್ದರು. 1957ರಲ್ಲಿ, ಸಾವು ಯಾವ ಕ್ಷಣಕ್ಕೆ ಆಯಿತು ಅಂತ ಹೇಳೋದು ವೈದ್ಯರ ಕೆಲಸ, ಚರ್ಚಿನದಲ್ಲ ಅಂದರು. ನನಗೆ ಈ ಎರಡನೇ ಮಾತು ಭಾಳ ಹಿಡಿಸಿತು. ಧರ್ಮಪೀಠದಲ್ಲಿ ಕೂತವರು 'ಇದು ನನ್ನ ಕೆಲಸ ಅಲ್ಲ' ಅನ್ನೋದು ಅಪರೂಪ ಅಲ್ಲವೇ?

ಈಗ ಮುಖ್ಯ ವಿಷಯ. ಕಸಿ ಮಾಡಿದ ಹೃದಯ ಹೇಗೆ ಇರುತ್ತೆ? ರಕ್ತನಾಳಗಳನ್ನು ಹೊಲಿಯಬಹುದು, ನರಗಳನ್ನು ಹೊಲಿಯೋಕೆ ಆಗಲ್ಲ. ಹಾಗಾಗಿ ಹೊಸ ಹೃದಯಕ್ಕೂ ಮೆದುಳಿಗೂ ತಂತಿ ಕಡಿದಿರುತ್ತೆ. ಹೃದಯಕ್ಕೆ ತನ್ನದೇ ತಾಳ ಇದೆ, ಅದರ ಪಾಡಿಗೆ ಬಡಿಯುತ್ತೆ, ಸುಮ್ಮನೆ ಕೂತಾಗಲೂ ನಮ್ಮದಕ್ಕಿಂತ ಜೋರು, ನಿಮಿಷಕ್ಕೆ 90, 100. ಮೆಟ್ಟಿಲು ಹತ್ತಿದರೆ ನಮ್ಮ ಎದೆ ಕೂಡಲೇ ಹೊಡ್ಕೊಳ್ಳುತ್ತೆ, ಅದು ಹಾಗಲ್ಲ. ರಕ್ತದಲ್ಲಿ ಅಡ್ರಿನಲಿನ್ ಹರಿದು ಬರುವವರೆಗೆ ಕಾದು, ಆಮೇಲೆ ಮೆಲ್ಲಗೆ ಏರುತ್ತೆ. ಹೆದರಿಕೆ ಆದಾಗಲೂ ಹಾಗೇ. ಮನಸ್ಸು ಮೊದಲು ಅಂಜುತ್ತೆ, ಎದೆಗೆ ಸುದ್ದಿ ಆಮೇಲೆ ಮುಟ್ಟುತ್ತೆ. ಅಂದರೆ ನಾವು 'ಎದೆ ಝಲ್ ಅಂತು', 'ಎದೆಯಾಳದಿಂದ' ಅಂತೆಲ್ಲ ಅಂತೀವಲ್ಲ, ಆ ಎದೆ ಈ ಮಾಂಸದ ಪಂಪು ಅಲ್ಲ. ಈ ಪಂಪು ಬದಲಿಸಿದರೂ ಬುಲೋನ್ ಬುಲೋನ್ ಆಗಿಯೇ ಉಳಿದರು. ಅದೇ ಪಾದ್ರಿ, ಅದೇ ನಂಬಿಕೆ.

ಆದರೆ ದೇಹ ಅಷ್ಟು ಸುಲಭಕ್ಕೆ ಒಪ್ಪಲ್ಲ. ಹೊಸ ಹೃದಯವನ್ನು ಪರರದು ಅಂತ ಗುರುತಿಸಿ ಬಿಳಿ ರಕ್ತಕಣಗಳು ಮೇಲೆ ಬೀಳುತ್ತವೆ. ತಡೆಯೋಕೆ ಆಗ ಇದ್ದದ್ದು ಅಜಥಿಯೋಪ್ರಿನ್, ಸ್ಟಿರಾಯ್ಡ್ ಇಂಥ ಒರಟು ಮದ್ದುಗಳು. ಕೊಟ್ಟರೆ ಸೋಂಕು, ಬಿಟ್ಟರೆ ತಿರಸ್ಕಾರ. ಆ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ನಡೆದ ನೂರರಷ್ಟು ಕಸಿಗಳಲ್ಲಿ ಹೆಚ್ಚಿನವರು ವಾರಗಳಲ್ಲಿ, ತಿಂಗಳುಗಳಲ್ಲಿ ಹೋದದ್ದು ಇದಕ್ಕೇ. ಬುಲೋನ್ ಮಾತ್ರ 17 ತಿಂಗಳು 5 ದಿನ ಬದುಕಿದರು. ಯುರೋಪಿನಲ್ಲಿ ಅಷ್ಟು ದೀರ್ಘ ಬದುಕಿದ ಮೊದಲ ಹೃದಯ ಕಸಿ ರೋಗಿ ಅವರು. 1969ರ ಅಕ್ಟೋಬರ್ 17ರಂದು ತೀರಿಕೊಂಡರು. ಲೆಕ್ಕ ಹಾಕಿದರೆ 523 ದಿನ.

ಅಷ್ಟೇನಾ ಅಂದ್ರೆ ಅಷ್ಟೇ. ಆದರೆ ಪ್ರತಿಯೊಂದು ದಿನವೂ ಹಿಂದೆ ಬರುವವರಿಗೆ ಪಾಠ. ಕೊನೆಯ ತನಕ ಮಾಸ್ತರಿಕೆ! ಅವರು ಬದುಕಿರುವಾಗಲೇ, 1968ರ ನವೆಂಬರ್‌ನಲ್ಲಿ, ಮಾರ್ಸೇಲ್‌ನಲ್ಲಿ ಎಮಾನ್ಯುಯೆಲ್ ವಿತ್ರಿಯಾ ಅನ್ನೋರಿಗೆ ಕಸಿ ಆಯಿತು. ಆತ 1987ರವರೆಗೆ, 18 ವರ್ಷಕ್ಕೂ ಹೆಚ್ಚು ಬದುಕಿದರು. ನಡುವೆ ಬಹಳಷ್ಟು ಕಡೆ ಈ ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟಿದ್ದರು. ಮತ್ತೆ ಜೀವ ಬಂದದ್ದು ಸೈಕ್ಲೊಸ್ಪೊರಿನ್ ಮದ್ದಿನಿಂದ. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಸ್ಯಾಂಡೋಜ್ ಕಂಪನಿಯವರು ತೆಗೆದದ್ದು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಆ ಕಂಪನಿ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ. ಗದಗಿನವರಿಗೆ ಈ ಹೆಸರು ಹೊಸದಲ್ಲ. 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿ ಶಾಲೆ ತೆರೆದ ಪಾದ್ರಿಗಳು ಅದೇ ಊರಿನ ಬಾಸೆಲ್ ಮಿಶನ್ನಿನವರು. ಲೋಕ ಎಷ್ಟು ಸಣ್ಣದು ನೋಡಿ.

ನಮ್ಮ ದೇಶದಲ್ಲಿ ಮೆದುಳಿನ ಸಾವನ್ನು ಒಪ್ಪಿದ ಕಾನೂನು ಬಂದದ್ದು 1994ರಲ್ಲಿ. ಅದೇ ವರ್ಷ ಆಗಸ್ಟ್ 3ಕ್ಕೆ ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಭಾರತದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಡಾ. ಸೇನ್ ಅವರ ಪ್ರಯತ್ನದಿಂದ 26 ವರ್ಷ. ಕಾನೂನಿನ ಪ್ರಕಾರ ನಾಲ್ಕು ಜನ ವೈದ್ಯರು, ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮೆದುಳು ಸತ್ತಿದೆ ಅಂತ ಬರೆದುಕೊಡಬೇಕು. ಆಮೇಲೂ ಮನೆಯವರು ಒಪ್ಪಿದರೆ ಮಾತ್ರ. ತೆಗೆದ ಹೃದಯ ಸುಮಾರು ನಾಲ್ಕು ತಾಸಿನೊಳಗೆ ಇನ್ನೊಂದು ಎದೆ ಸೇರಬೇಕು. ಅದಕ್ಕೇ ಈಗ ಊರೂರಲ್ಲಿ ರಸ್ತೆ ಖಾಲಿ ಮಾಡಿಸಿ ಆಂಬುಲೆನ್ಸ್ ಬಿಡ್ತಾರೆ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು 'ಜೀವಸಾರ್ಥಕತೆ' ಅನ್ನೋ ಸಂಸ್ಥೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಮೆದುಳು ಸತ್ತಾಗ ಅವರ ಮನೆಯವರು ಅಂಗದಾನ ಮಾಡಿದರು. ನಮ್ಮ ಹುಡುಗನ ಹಾಗೇ ಬೈಕು, ಹಾಗೇ ತಲೆಗೆ ಪೆಟ್ಟು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಣ್ಣಿನ ವಿಷಯಕ್ಕೆ ನಾವು ಕನ್ನಡಿಗರು ಇಷ್ಟು ಹಿಂಜರಿಯಲ್ಲ. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪನ ಕತೆ ನಮಗೆ ತೊಟ್ಟಿಲಲ್ಲೇ ಸಿಕ್ಕಿದೆ. 1954ರಲ್ಲಿ ಆ ಪಾತ್ರ ಮಾಡಿಯೇ ರಾಜಕುಮಾರ್ ನಾಯಕರಾದರು, 2006ರಲ್ಲಿ ಹೋದಾಗ ತಮ್ಮ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ಕು ಜನ ಬೆಳಕು ಕಂಡರು. ಕೊಟ್ಟವನು ಕಡಿಮೆಯಾದ ಅಂತ ಯಾರೂ ಅನ್ನಲಿಲ್ಲ. ಕಣ್ಣಪ್ಪ ಕಣ್ಣು ಕೊಟ್ಟ ಮೇಲೂ ಭಕ್ತನೇ, ಅಲ್ಲ, ಕೊಟ್ಟಿದ್ದಕ್ಕೇ ಭಕ್ತ. ಕಣ್ಣಿಗೆ ಒಪ್ಪಿದ ಮಾತು ಎದೆಗೆ ಯಾಕೆ ಒಪ್ಪಬಾರದು?

ಕಾಕಾನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಅಂಗ ತೆಗೆದ ಮೇಲೆ ಮೈಯನ್ನು ಹೊಲಿದು, ಮರ್ಯಾದೆಯಿಂದ ಮನೆಯವರಿಗೆ ಒಪ್ಪಿಸ್ತಾರೆ. ಕೂರಿಸಬಹುದು. ವಿಭೂತಿ ಹಚ್ಚಬಹುದು. ಅಂಗೈಯಲ್ಲಿ ಲಿಂಗ ಇಡಬಹುದು. ಎಲ್ಲಾ ಶಾಸ್ತ್ರ ಹಾಗೇ ನಡೆಯುತ್ತೆ. ಎದೆಯ ಮೇಲಿನ ಲಿಂಗಕ್ಕೆ ಒಳಗಿನ ಪಂಪಿನ ಹಂಗಿಲ್ಲ. ಇಷ್ಟು ಹೇಳಲಿಕ್ಕೆ ನನಗೆ ಪ್ಯಾರಿಸ್‌ಗೆ ಹೋಗಿ ಬರಬೇಕಾಯಿತು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಕಾಕಾನ ಮುಂದೆ ಇದನ್ನೆಲ್ಲ ಹೇಳಿದೆ. ಪಾದ್ರಿಯ ಕತೆಯನ್ನೂ ಹೇಳಿದೆ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ ಪೂರ್ತಿ ಕೇಳಿದ. ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಒಳ್ಳೇದಿತ್ತು. ಆಮೇಲೆ ಒಂದೇ ಮಾತು ಕೇಳಿದ:

"ಆ ಪಾದ್ರಿಗೆ ಎದಿ ಕೊಟ್ಟಾರಲ್ಲ, ಅವರ ಮನ್ಯಾಗ ಯಾರಾರ ಹಿರ್ಯಾರು ಇದ್ದರೇನು?"

ಇದ್ದೇ ಇರಬೇಕು. ಯಾರೋ ಒಬ್ಬ ಅಪ್ಪನೋ, ಹೆಂಡತಿಯೋ, ಅಣ್ಣನೋ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಆ ಹೊತ್ತನ್ನು ದಾಟಿರಬೇಕು. ಬುಲೋನ್ ಅವರನ್ನು ನೆನೆಯುವಾಗ ನಾನು ಈಗ ಅವರನ್ನೂ ಸೇರಿಸಿ ನೆನೀತೀನಿ. ಆ 523 ದಿನ ಪಾದ್ರಿಯದು ಅರ್ಧ, ಅವರದು ಅರ್ಧ.

ಜೀವಸಾರ್ಥಕತೆಯಲ್ಲಿ ನನ್ನ ಹೆಸರು ಬರೆಸಿದ್ದೀನಿ. ಆದರೆ ಬರೆಸಿದ ಚೀಟಿಗಿಂತ ಮುಖ್ಯ ಮನೆಯವರಿಗೆ ಹೇಳಿಡೋದು, ಯಾಕಂದ್ರೆ ಆ ಹೊತ್ತಿಗೆ ಹೂಂ ಅನ್ನಬೇಕಾದವರು ಅವರೇ. ನಾನು ಹೆಂಡತಿಗೆ ಹೇಳಿದ್ದೀನಿ, ಅವ್ವಗೂ ಹೇಳಿದ್ದೀನಿ. ಅವ್ವ "ಅಪಶಕುನದ ಮಾತ ಬಿಡು" ಅಂದಳು. ಆದರೂ ಕೇಳಿಸಿಕೊಂಡಳು, ಅಷ್ಟು ಸಾಕು.

ನಿಮ್ಮೂರ ಕಡೆ, ನಿಮ್ಮ ಮನೇಲಿ ಈ ಮಾತು ಎತ್ತಿದರೆ ಹಿರಿಯರು ಏನಂತಾರೆ? ಬರೀರಿ, ಓದ್ತೀನಿ. ಕಾಕಾಗೂ ಓದಿ ಹೇಳ್ತೀನಿ.